ಲೋಟ ತಂದರು, ಕೈ ತರಲಿಲ್ಲ

ಕಳೆದ ಮಳೆಗಾಲದ ಒಂದು ಸಂಜೆ ಧಾರಾವಾಹಿಯ ನಡುವೆ ಕಾಫಿಪುಡಿಯ ಜಾಹೀರಾತು ಬಂತು. ಕಿಟಕಿಯಾಚೆ ಜಿಟಿಜಿಟಿ ಮಳೆ, ಈಚೆ ಮಲ್ಲಿಗೆ ಮುಡಿದ ತರುಣಿ, ಅವಳ ಕೈಯಲ್ಲಿ ಹಬೆಯಾಡುವ ಸ್ಟೀಲ್ ಲೋಟ. ಎರಡೂ ಅಂಗೈಯಿಂದ ಲೋಟವನ್ನು ತಬ್ಬಿ ಹಿಡಿದು, ಕಣ್ಣು ಮುಚ್ಚಿ, ಕೆನ್ನೆಗೆ ತಾಗುವಷ್ಟು ಹತ್ತಿರ ತಂದು ಪರಿಮಳ ಹೀರಿದಳು. ಹಿಂದೆ ವೀಣೆ. ಹುರುಳಿಕಾಯಿ ನಾರು ಬಿಡಿಸುತ್ತ ಕೂತಿದ್ದ ಅಮ್ಮ ತಲೆ ಎತ್ತಿ, "ಅಯ್ಯೋ, ಕೈ ಸುಡಲ್ವೇನೋ ಅವಳಿಗೆ?" ಅಂದಳು. ಮತ್ತೆ ಹುರುಳಿಕಾಯಿಗೆ ಇಳಿದಳು. ಆ ಕಾಫಿಪುಡಿಯ ಹೆಸರೇನೆಂದು ಆಮೇಲೆ ಕೇಳಿದರೆ ಅವಳಿಗೆ ನೆನಪಿಲ್ಲ. ಕೈ ಸುಡುವುದು ಮಾತ್ರ ನೆನಪಿದೆ.

ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಕುಡಿದು ಬೆಳೆದವರಿಗೆ ಗೊತ್ತು, ಅದನ್ನು ಹಿಡಿಯುವುದಕ್ಕೊಂದು ಕ್ರಮವಿದೆ. ಹೆಬ್ಬೆರಳು ಮತ್ತು ಎರಡು ಬೆರಳು, ಕಂಠದ ಮಡಿಕೆಗೆ ಸಿಕ್ಕುವಂತೆ, ಮೇಲಿನಿಂದ. ಲೋಟದ ಬಾಯಿ ಹೊರಕ್ಕೆ ಬಾಗಿರುವುದು ಬರೀ ಅಂದಕ್ಕಲ್ಲ. ತೆಳ್ಳನೆಯ ಸ್ಟೀಲು ಒಳಗಿನ ಬಿಸಿಯನ್ನು ಹಾಗೇ ಹೊರಕ್ಕೆ ದಾಟಿಸುತ್ತದೆ, ಬೆರಳಿನ ಪಾಲಿಗೆ ಉಳಿಯುವುದು ಆ ಅಂಚೊಂದೇ. ಅದೂ ಸುಟ್ಟರೆ ಸೆರಗಿನ ತುದಿ ಇದೆ, ಪಂಚೆಯ ಚುಂಗಿದೆ, ಆರಿಸಿಕೊಳ್ಳಲು ಬಟ್ಟಲಿದೆ. ಎರಡು ಅಂಗೈಯ ಆ ಅಪ್ಪುಗೆ ಪಿಂಗಾಣಿ ಮಗ್‌ಗೆ ಸೇರಿದ್ದು. ಮಗ್‌ನ ಗೋಡೆ ದಪ್ಪ, ಅದು ಕೈಯನ್ನು ಸುಡದೆ ಬೆಚ್ಚಗಿಡುತ್ತದೆ. ಹೊರಗೆ ಹಿಮ ಬೀಳುವ ಊರುಗಳ ಜಾಹೀರಾತುಗಳಲ್ಲಿ ಆ ಭಂಗಿಗೆ ಅರ್ಥವಿದೆ. ನಮ್ಮ ಜಾಹೀರಾತಿನವರು ಲೋಟವನ್ನೇನೋ ನಮ್ಮ ಅಡುಗೆಮನೆಯಿಂದಲೇ ಕಡ ತಂದಿದ್ದರು. ಅದನ್ನು ಹಿಡಿಯುವ ಕೈಯನ್ನು ಬೇರೆ ಯಾರದೋ ಮನೆಯಿಂದ ತಂದಿದ್ದರು.

ಜಾಹೀರಾತು ಲೋಕದಲ್ಲಿ ಇಂಥ ಸಾಮಾನುಗಳಿಗೆ 'ಪ್ರಾಪ್' ಅನ್ನುತ್ತಾರೆ. ನಾಟಕದವರಿಂದ ಬಂದ ಮಾತು. ಕತ್ತಿ, ಕಿರೀಟ, ಗದೆ, ಕುರ್ಚಿ ಎಲ್ಲ ಪ್ರಾಪರ್ಟಿ. ನಾಟಕದ ಗದೆ ಭೀಮನದೆಂದು ಹೇಳಿದರೆ ಸಾಕು. ಜಾಹೀರಾತಿನ ಲೋಟಕ್ಕೆ ಇನ್ನೊಂದು ಹೊರೆಯಿದೆ. ಅರ್ಧ ನಿಮಿಷದಲ್ಲಿ, ಬಾಯಿ ಬಿಡದೆ, ಅದು 'ಮನೆ', 'ಅಮ್ಮ', 'ಬೆಳಗು', 'ನಂಬಿಕೆ' ಎಂಬ ನಾಲ್ಕಾರು ಮಾತನ್ನು ಹೇಳಿ ಮುಗಿಸಬೇಕು. ಸೆಕೆಂಡಿನ ಲೆಕ್ಕದಲ್ಲಿ ದುಡ್ಡು ಸುರಿಯುವ ಜಾಗದಲ್ಲಿ ಮಾತಿಗಿಂತ ವಸ್ತು ಅಗ್ಗ, ಅದಕ್ಕೇ ಅದರ ಮೇಲೆ ಅಷ್ಟು ಭಾರ ಹೇರುತ್ತಾರೆ.

ವಸ್ತುವೊಂದು ಹೀಗೆ ಮಾತಾಡುವುದನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟವರಲ್ಲಿ ಫ್ರಾನ್ಸಿನ ರೊಲಾಂ ಬಾರ್ತ್ ಮುಖ್ಯ. 1964ರಲ್ಲಿ ಆತ ಕೈಗೆತ್ತಿಕೊಂಡದ್ದು ಪಂಜಾನಿ ಎಂಬ ಫ್ರೆಂಚ್ ಕಂಪನಿಯ ಒಂದು ಜಾಹೀರಾತು. ಕೆಂಪು ಹಿನ್ನೆಲೆಯಲ್ಲಿ ಬಾಯಿ ಅರ್ಧ ತೆರೆದ ನೂಲಿನ ಬಲೆಚೀಲ, ಅದರಿಂದ ಹೊರಚೆಲ್ಲಿದಂತೆ ಟೊಮೇಟೊ, ಈರುಳ್ಳಿ, ದಪ್ಪ ಮೆಣಸಿನಕಾಯಿ, ಅಣಬೆ. ಅವುಗಳ ನಡುವೆ ಕಂಪನಿಯ ಪಾಸ್ತಾ ಪೊಟ್ಟಣ, ಸಾಸಿನ ಡಬ್ಬಿ. ಬಾರ್ತ್ ಚೀಲದ ಬಾಯಿಯಿಂದ ಓದತೊಡಗುತ್ತಾನೆ. ಚೀಲ ತೆರೆದಿದೆ ಅಂದರೆ ಈಗಷ್ಟೇ ಸಂತೆಯಿಂದ ಬಂದದ್ದು, ತರಕಾರಿ ತಾಜಾ, ಇನ್ನು ಮನೆಯಲ್ಲೇ ಅಡುಗೆ ಆಗುತ್ತದೆ. ಕಾರ್ಖಾನೆಯಿಂದ ಬಂದ ಡಬ್ಬಿ ಆ ಸಂತೆಯ ತರಕಾರಿಯ ನೆಂಟನಂತೆ ಪಕ್ಕದಲ್ಲಿ ಕೂತುಬಿಟ್ಟಿದೆ. ಟೊಮೇಟೊದ ಕೆಂಪು, ಮೆಣಸಿನಕಾಯಿಯ ಹಸಿರು ಸೇರಿ 'ಇಟಲಿ' ಎಂದೂ ಹೇಳುತ್ತವೆ.

ಅಲ್ಲೇ ಆತ ಒಂದು ಸಣ್ಣ ಮಾತು ಸೇರಿಸುತ್ತಾನೆ, ನನಗೆ ಇಡೀ ಬರಹದಲ್ಲಿ ಹೆಚ್ಚು ಹಿಡಿಸಿದ್ದು ಅದೇ. ಈ 'ಇಟಲಿತನ' ಕಾಣುವುದು ಫ್ರೆಂಚರ ಕಣ್ಣಿಗೆ. ಇಟಲಿಯವನಿಗೆ ಟೊಮೇಟೊ ಬರೀ ಟೊಮೇಟೊ. ಪ್ರವಾಸಿಯ ಕಣ್ಣಿಗೆ ಬೀಳುವ ಊರೇ ಬೇರೆ, ಊರವನ ಕಣ್ಣಿನ ಊರೇ ಬೇರೆ.

ಈ ಮಾತನ್ನು ನಮ್ಮ ಲೋಟಕ್ಕೆ ತಗುಲಿಸಿ ನೋಡಿ. ಸ್ಟೀಲ್ ಲೋಟ-ಬಟ್ಟಲು, ಬಾಳೆಎಲೆ, ಮಲ್ಲಿಗೆ ದಂಡೆ, ವೀಣೆ ಇವೆಲ್ಲ ಒಟ್ಟಾಗಿ 'ಸೌತ್' ಎಂದು ಹೇಳುವುದು ಮುಂಬೈಯಲ್ಲಿ ಕೂತ ಕಣ್ಣಿಗೆ. ಬಸವನಗುಡಿಯ ಮನೆಯಲ್ಲೋ ತೀರ್ಥಹಳ್ಳಿಯ ಜಗುಲಿಯಲ್ಲೋ ಲೋಟ ಯಾವ ದಿಕ್ಕನ್ನೂ ಸೂಚಿಸುವುದಿಲ್ಲ. ಅದು ಬೆಳಗಿನ ಆರು ಗಂಟೆ, ಅಷ್ಟೇ. ಅಲ್ಲಿ ಕಾಫಿಯನ್ನು ಎರಡು ಮೊಳ ಎತ್ತರದಿಂದ ಬಟ್ಟಲಿಗೆ ಹೊಯ್ದು ಆಟ ತೋರಿಸುವವರೂ ಇಲ್ಲ. ಜಾಹೀರಾತಿನಲ್ಲಿ ಮಾತ್ರ ಪ್ರತಿ ಗೃಹಿಣಿಯೂ ಹೋಟೆಲಿನ ಮಾಣಿಯ ಹಾಗೆ ನೊರೆ ಎಬ್ಬಿಸುತ್ತಾಳೆ.

ಡಬ್ ಆದ ಜಾಹೀರಾತುಗಳದು ಇದೇ ಕಥೆಯ ಇನ್ನೊಂದು ಮಗ್ಗುಲು. ಧ್ವನಿ ಕೊಡುವವರು ಈಗ ಬಲು ಜಾಣರು, ತುಟಿಗೆ ತುಟಿ ಕೂಡಿಸುತ್ತಾರೆ. ಆದರೆ ಆಕೆಯ ಬೈತಲೆಯಲ್ಲಿ ಉದ್ದಕ್ಕೆ ಸಿಂಧೂರವಿದೆ, ಒಲೆಯ ಮೇಲೆ ಫುಲ್ಕಾ ಉಬ್ಬುತ್ತಿದೆ, ಗಂಡ ಆಫೀಸಿಗೆ ಹೊರಡುವಾಗ ಪರಾಠದ ಡಬ್ಬಿ ಕೊಡುತ್ತಾಳೆ. ತುಟಿ ಕನ್ನಡ ಆಡಿದರೂ ಅಡುಗೆಮನೆ ಹಿಂದಿಯನ್ನೇ ಆಡುತ್ತಿರುತ್ತದೆ. ಕನ್ನಡ ಬಾರದ ಸಂಸ್ಥೆ ಅನುವಾದಕನನ್ನು ಇಟ್ಟುಕೊಳ್ಳಬಹುದು. ವಸ್ತುಗಳನ್ನು ಅನುವಾದಿಸುವವನು ಬೇಕೆಂದು ಯಾರಿಗೂ ಹೊಳೆದಂತಿಲ್ಲ.

ಹಾಗೆಂದು ವಸ್ತುವಿಗೆ ಅರ್ಥ ಯಾವಾಗಲೂ ಮನೆಯಿಂದಲೇ ಬರಬೇಕೆಂದಿಲ್ಲ. ಇದಕ್ಕೆ ವಿರುದ್ಧವಾದ ಪ್ರಸಿದ್ಧ ಉದಾಹರಣೆಯೊಂದಿದೆ. 1951ರಲ್ಲಿ ಡೇವಿಡ್ ಒಗಿಲ್ವಿ ಅಮೆರಿಕದ ಹ್ಯಾಥವೇ ಎಂಬ ಅಂಗಿ ಕಂಪನಿಗೆ ಜಾಹೀರಾತು ಮಾಡಬೇಕಿತ್ತು. ಚಿಕ್ಕ ಕಂಪನಿ, ಕೈಯಲ್ಲಿ ಹೆಚ್ಚು ದುಡ್ಡಿಲ್ಲ. ಫೋಟೋ ತೆಗೆಯಲು ಹೊರಟ ದಿನ ದಾರಿಯಲ್ಲಿ ಔಷಧಿ ಅಂಗಡಿಗೆ ಹೋಗಿ, ಕಣ್ಣಿಗೆ ಕಟ್ಟಿಕೊಳ್ಳುವ ಅಗ್ಗದ ಕರಿಪಟ್ಟಿ ಕೊಂಡ. ಒಳ್ಳೆ ಅಂಗಿ ತೊಟ್ಟ ಮೀಸೆಯ ಗಂಡಸಿನ ಒಂದು ಕಣ್ಣಿಗೆ ಅದನ್ನು ಕಟ್ಟಿದ. ಅಂಗಿಗೂ ಆ ಪಟ್ಟಿಗೂ ಯಾವ ಸಂಬಂಧವೂ ಇಲ್ಲ. ಆದರೆ ನೋಡಿದವರೆಲ್ಲ 'ಈತನ ಕಣ್ಣಿಗೇನಾಯಿತು?' ಎಂದು ನಿಂತರು. ಯುದ್ಧವೋ, ಬೇಟೆಯೋ, ದ್ವಂದ್ವಯುದ್ಧವೋ? ಕಥೆಯನ್ನು ಓದುಗರೇ ಹೆಣೆದುಕೊಂಡರು, ಅಂಗಿ ಆ ಕಥೆಯ ಒಳಗೆ ಸೇರಿಹೋಯಿತು. ಮದ್ದಿನಂಗಡಿಯ ಕರಿಪಟ್ಟಿ ಹ್ಯಾಥವೇ ಅಂಗಿಯ ಗುರುತಾಗಿ ವರ್ಷಗಟ್ಟಲೆ ಉಳಿಯಿತು.

ಇದು ಚಮತ್ಕಾರ, ಒಪ್ಪುತ್ತೇನೆ. ಆದರೆ ಈ ಯಶಸ್ಸು ಕಂಡು ಆಮೇಲೆ ಎಷ್ಟು ಜಾಹೀರಾತುಗಳಲ್ಲಿ ಏನೇನೋ ವಿಚಿತ್ರ ಸಾಮಾನು ತಂದು ತುರುಕಿದ್ದಾರೋ ಲೆಕ್ಕವಿಲ್ಲ. ಫ್ಲ್ಯಾಟಿನ ಜಾಹೀರಾತಿನಲ್ಲಿ ಪಿಟೀಲು, ಸಿಮೆಂಟಿನ ಜಾಹೀರಾತಿನಲ್ಲಿ ಚದುರಂಗದ ಕುದುರೆ. ಒಗಿಲ್ವಿಯ ಪಟ್ಟಿ ಪ್ರಶ್ನೆ ಹುಟ್ಟಿಸಿತು. ಇವು ಆಕಳಿಕೆ ಹುಟ್ಟಿಸುತ್ತವೆ.

ಅದೇ ಒಗಿಲ್ವಿ ಹೆಸರಿನ ಸಂಸ್ಥೆಯ ಭಾರತದ ಶಾಖೆಯಲ್ಲಿದ್ದು, ಈ ದೇಶದ ಜಾಹೀರಾತನ್ನು ಡ್ರಾಯಿಂಗ್ ರೂಮಿನಿಂದ ಬೀದಿಗೆ ಇಳಿಸಿದವರು ಪೀಯೂಷ್ ಪಾಂಡೆ. 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಫೆವಿಕಾಲ್‌ಗಾಗಿ ಅವರ ತಂಡ ಮಾಡಿದ ಮೊಟ್ಟೆಯ ಜಾಹೀರಾತು ನಿಮಗೆ ನೆನಪಿರಬಹುದು. ಢಾಬಾದ ಅಡುಗೆಯವನು ಮೊಟ್ಟೆ ಒಡೆಯಲು ಹೆಣಗುತ್ತಾನೆ. ಎಷ್ಟು ಕುಟ್ಟಿದರೂ ಒಡೆಯದು. ಸಿಟ್ಟಿಗೆದ್ದು ಆ ಮೊಟ್ಟೆ ಇಟ್ಟ ಕೋಳಿಯನ್ನು ನೋಡಲು ಹೋದರೆ, ಅದು ಫೆವಿಕಾಲ್ ಡಬ್ಬಿಯಿಂದ ಕಾಳು ಹೆಕ್ಕುತ್ತಿದೆ. ಮುಗಿಯಿತು.

ನಗು ಬರುವುದು ಒಡೆಯದ ಮೊಟ್ಟೆಗೆ, ನಿಜ. ಆದರೆ ಆ ನಗುವಿಗೆ ಆಧಾರವಾಗಿ ನಿಂತಿರುವುದು ಡಬ್ಬಿ. ಗೋಂದು ಮುಗಿದ ಮೇಲೆ ಡಬ್ಬಿಯನ್ನು ಎಸೆಯದ ದೇಶ ಇದು. ಅದು ಕೋಳಿಗೆ ಕಾಳಿನ ಪಾತ್ರೆಯಾಗುತ್ತದೆ, ತುಳಸಿಗೆ ಕುಂಡವಾಗುತ್ತದೆ, ಬಚ್ಚಲಿನಲ್ಲಿ ಚೆಂಬಾಗುತ್ತದೆ, ಗ್ಯಾರೇಜಿನಲ್ಲಿ ನಟ್ಟು ಬೋಲ್ಟು ತುಂಬಿಕೊಳ್ಳುತ್ತದೆ. ಡಬ್ಬಿ ಅಲ್ಲಿ ಹೇಗೆ ಬಂತು ಎಂದು ಯಾವ ನೋಡುಗನೂ ಕೇಳಲಿಲ್ಲ. ಒಂದು ಡಬ್ಬಿ ಮುಗಿಯುವ ತನಕ ಬಳಸಿ ಮುಗಿದ ಮೇಲೂ ಬಳಸುವ ಜನರಿಗಷ್ಟೇ ಆ ಜಾಹೀರಾತು ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ. ಇಲ್ಲಿ ವಸ್ತುವಿನ ಜತೆಗೆ ಕೈಯೂ ಬಂದಿದೆ, ಕೈ ಚಿತ್ರದಲ್ಲಿ ಕಾಣದಿದ್ದರೂ.

ಖಾಲಿಯಾದ ಮೇಲೂ ಕೆಲಸ ಬಿಡದ ಡಬ್ಬಿ ಅಂದಾಗ ಕನ್ನಡದವರ ಮನಸ್ಸಿಗೆ ಬರುವುದು ಮೈಸೂರು ಸ್ಯಾಂಡಲ್ ಸಾಬೂನಿನ ಪೆಟ್ಟಿಗೆ. ಮೊದಲ ಮಹಾಯುದ್ಧ ಶುರುವಾಗಿ ಯುರೋಪಿಗೆ ಶ್ರೀಗಂಧದ ರಫ್ತು ನಿಂತುಹೋದಾಗ ಸಂಸ್ಥಾನದಲ್ಲಿ ಗಂಧದ ಕೊರಡು ರಾಶಿ ಬಿದ್ದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲ. ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು, ಅದರ ಹಿಂದೆ ಸಾಬೂನೂ ಬಂತು. ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ರಸಾಯನ ವಿಜ್ಞಾನಿ ಎಸ್. ಜಿ. ಶಾಸ್ತ್ರಿ ಆ ಪರಿಮಳವನ್ನು ಕುದುರಿಸಿದರು, ಜನ ಅವರನ್ನು 'ಸೋಪ್ ಶಾಸ್ತ್ರಿ' ಎಂದೇ ಕರೆದರು. ಸಾಬೂನಿನ ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಶರಭದ ಮುದ್ರೆ. ಇದೆಲ್ಲ ಗೊತ್ತಿರುವ ಸಂಗತಿ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಶಾಸ್ತ್ರಿಗಳು ಸಾಬೂನಿಗೆ ತೊಡಿಸಿದ ಉಡುಗೆ.

ಅವರು ಸಾಬೂನನ್ನು ಒಡವೆಯ ಹಾಗೆ ಕಟ್ಟಿದರು. ಪೆಟ್ಟಿಗೆ ಆಭರಣದ ಭರಣಿಯಂತೆ, ಅದರ ಮೇಲೆ ಹೂಬಳ್ಳಿ, ಒಳಗಿನ ಬಿಲ್ಲೆಗೆ ಚಿನಿವಾರರ ಅಂಗಡಿಯಲ್ಲಿ ಒಡವೆ ಸುತ್ತಿ ಕೊಡುವಂಥ ತೆಳು ಕಾಗದ. ಓಲೆ, ಬಳೆ ಸುತ್ತಿದ ಆ ಕಾಗದವನ್ನು ಬಿಚ್ಚುವಾಗ ಬೆರಳು ತಾನಾಗಿ ನಿಧಾನವಾಗುತ್ತದೆ. ಸಾಬೂನು ಬಿಚ್ಚುವ ಕೈಯಲ್ಲೂ ಅದೇ ನಿಧಾನ ಬರಲಿ ಎಂಬುದು ಲೆಕ್ಕ. ಹೆಂಗಸರಿಗೆ ಇದು ಬೆಲೆಬಾಳುವ ವಸ್ತು ಎಂದು ಅಕ್ಷರದಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ. ಆಮೇಲೆ ಪೆಟ್ಟಿಗೆಯ ಚಿತ್ರವನ್ನು ಟ್ರಾಮ್ ಟಿಕೆಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಅಚ್ಚು ಹಾಕಿಸಿದರು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದರು. ಮೈಸೂರಿನ ಗಂಧ, ಕರಾಚಿಯ ಒಂಟೆ! ಅಲ್ಲಿಯ ಬೀದಿಗೆ ಅಲ್ಲಿಯದೇ ವಾಹನ ಎಂಬ ವಿವೇಕ ಆಗಲೇ ಇತ್ತು.

ಆದರೆ ಆ ಪೆಟ್ಟಿಗೆಯ ನಿಜವಾದ ಜಾಹೀರಾತು ನಡೆದದ್ದು ನಮ್ಮ ಟ್ರಂಕುಗಳ ಒಳಗೆ. ಸಾಬೂನು ಬಚ್ಚಲಿಗೆ ಹೋದ ಮೇಲೆ ಖಾಲಿ ಪೆಟ್ಟಿಗೆ ರೇಷ್ಮೆ ಸೀರೆಗಳ ಮಡಿಕೆಯ ನಡುವೆ ಹೋಗಿ ಮಲಗುತ್ತಿತ್ತು. ಮದುವೆಗೆಂದು ಟ್ರಂಕು ತೆಗೆದರೆ ಜರಿ, ನುಸಿಗುಳಿಗೆ, ಗಂಧ ಮೂರೂ ಸೇರಿದ ಒಂದು ವಾಸನೆ. ಇದನ್ನು ಯಾವ ಕಂಪನಿಯೂ ಹೇಳಿಕೊಟ್ಟದ್ದಲ್ಲ. ಶಾಸ್ತ್ರಿಗಳು ಒಡವೆಯ ಪೆಟ್ಟಿಗೆಯಂತೆ ಮಾಡಿದರು, ಹೆಂಗಸರು ಅದನ್ನು ಒಡವೆಯ ಪಕ್ಕದಲ್ಲೇ ಇಟ್ಟರು. 2025ರಲ್ಲಿ ಈ ಸಾಬೂನಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ ₹6.20 ಕೋಟಿ ಕೊಟ್ಟು ರಾಯಭಾರಿ ಮಾಡಿದಾಗ, ಕನ್ನಡದ ನಟಿಯೇ ಆಗಬೇಕಿತ್ತು ಎಂಬ ಗದ್ದಲ ಎದ್ದಿತು. ನನ್ನ ತಕರಾರು ಬೇರೆ. ಮಾರುಕಟ್ಟೆ ಹೊರರಾಜ್ಯಕ್ಕೆ ಹಬ್ಬಬೇಕೆಂಬ ವಾದ ಸುಳ್ಳಲ್ಲ. ಆದರೆ ಆ ಟ್ರಂಕಿನ ಮುಚ್ಚಳ ತೆರೆಯುವ ಒಂದು ದೃಶ್ಯವನ್ನು ಯಾರೂ ಯೋಚಿಸಲಿಲ್ಲವಲ್ಲ ಎಂಬುದು ನನ್ನ ಸಂಕಟ.

ಮೈಸೂರಿನದೇ ಇನ್ನೊಂದು ಪೊಟ್ಟಣ ನೋಡಿ. 1948ರಲ್ಲಿ ಎನ್. ರಂಗರಾವ್ ಶುರುಮಾಡಿದ ಊದುಬತ್ತಿ ವ್ಯಾಪಾರದಿಂದ ಬಂದ ಸೈಕಲ್ ಬ್ರ್ಯಾಂಡ್. ದೇವರ ಮುಂದೆ ಹಚ್ಚುವ ಕಡ್ಡಿಗೆ ಸೈಕಲ್ ಹೆಸರೇ? ದೇವರ ಪಟವಿಲ್ಲ, ಕಮಲವಿಲ್ಲ, ಎರಡು ಚಕ್ರದ ಸೈಕಲ್. ಆ ದಿನಗಳಲ್ಲಿ ಸೈಕಲ್ ಅಂದರೆ ಏನಾಗಿತ್ತೆಂದು ನೆನೆದರೆ ಆಶ್ಚರ್ಯ ಕಡಿಮೆಯಾಗುತ್ತದೆ. ಪೋಸ್ಟ್‌ಮನ್ನನಿಗೆ ಸೈಕಲ್, ಮೇಷ್ಟರಿಗೆ ಸೈಕಲ್, ಹಾಲಿನವನಿಗೆ ಸೈಕಲ್. ಕೊಳ್ಳುವ ಶಕ್ತಿ ಇಲ್ಲದವನೂ ಕನಸು ಕಾಣಬಹುದಾದ ವಸ್ತು. ಯಾವ ಜಾತಿಗೂ ಯಾವ ದೇವರಿಗೂ ಸೇರದ್ದು. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲದರಲ್ಲೂ ಅದಕ್ಕೆ ಒಂದೇ ಹೆಸರು. ಓದಲು ಬಾರದವರೂ ಅಂಗಡಿ ಕಟ್ಟೆಯ ಮುಂದೆ ನಿಂತು 'ಸೈಕಲ್ ಕೊಡಿ' ಅನ್ನಬಹುದು.

ಓದುಬರಹ ಬಾರದವರಿಗೆ ಗುರುತು ಕೊಡುವ ಈ ಕೆಲಸವನ್ನು ಮೂರ್ನಾಲ್ಕು ವರ್ಷಗಳಲ್ಲೇ ಸರಕಾರವೂ ಮಾಡಬೇಕಾಗಿ ಬಂತು. 1951ರ ಜನಗಣತಿಯಲ್ಲಿ ನೂರಕ್ಕೆ 18 ಮಂದಿ ಅಕ್ಷರಸ್ಥರು. ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಜೋಡೆತ್ತು, ಗುಡಿಸಲು, ತೆನೆ-ಕುಡುಗೋಲು, ದೀಪ. ಪಕ್ಷಗಳು ಒಡೆದಾಗಲೆಲ್ಲ ಚಿಹ್ನೆಗಾಗಿ ಕೋರ್ಟು ಹತ್ತುವುದು ಸುಮ್ಮನೆ ಅಲ್ಲ. ನಾಯಕರು ಬರುತ್ತಾರೆ ಹೋಗುತ್ತಾರೆ, ಬೆರಳು ಹುಡುಕುವುದು ಆ ವಸ್ತುವನ್ನು.

ಬೆರಳು ಅಂದಾಗ ಗಡಿಯಾರದ ಮಾತು ನೆನಪಾಯಿತು. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜತೆಗೂಡಿ ಎಚ್‌ಎಂಟಿ ಕೈಗಡಿಯಾರ ಮಾಡತೊಡಗಿತು. ದೇಶಕ್ಕೆ ಸಮಯ ಕಾಯುವವರು ನಾವು ಎಂಬುದು ಅದರ ಘೋಷಣೆ. ಎಚ್‌ಎಂಟಿ ಜನತಾ ಕಟ್ಟಿದವರ ಬೆಳಗು ಹೇಗೆ ಶುರುವಾಗುತ್ತಿತ್ತೆಂದು ನೋಡಿದ್ದೀರಾ? ಸ್ನಾನ ಮುಗಿಸಿ, ವಿಭೂತಿಯೋ ನಾಮವೋ ಇಟ್ಟು, ಗೂಡಿನಿಂದ ಗಡಿಯಾರ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಕೀಲಿ ಹಿಡಿದು ತಿರುಗಿಸುವುದು. ಬಿಗಿಯಾದಾಗ ನಿಲ್ಲಿಸುವುದು. ಇನ್ನೊಂದು ಸುತ್ತು ಹೆಚ್ಚಾದರೆ ಸ್ಪ್ರಿಂಗ್ ಹೋಯಿತೆಂದು ಮಕ್ಕಳ ಕೈಗೆ ಕೊಡುತ್ತಿರಲಿಲ್ಲ. ಆ ಗಡಿಯಾರದ ಅರ್ಥವೆಲ್ಲ ಕಟ್ಟಿಕೊಂಡವನ ಆ ಎರಡು ಬೆರಳಲ್ಲಿತ್ತು: ಶಿಸ್ತು, ನೌಕರಿ, ಮೊದಲ ಸಂಬಳ.

1984ರಲ್ಲಿ ಶುರುವಾದ ಟೈಟನ್ ಹೊಸೂರಿನ ಕಾರ್ಖಾನೆಯಿಂದ ಕ್ವಾರ್ಟ್ಜ್ ಗಡಿಯಾರಗಳನ್ನು ತಂದಾಗ ಕೀಲಿ ಕೊಡುವ ಕೆಲಸವೇ ಇಲ್ಲವಾಯಿತು. ಸೆಲ್ ಹಾಕಿದರೆ ತಾನೇ ನಡೆಯುತ್ತದೆ. ಬೆರಳಿಗೆ ಕೆಲಸ ಹೋದರೆ ಗಡಿಯಾರಕ್ಕೆ ಅರ್ಥ ಎಲ್ಲಿಂದ ಬರಬೇಕು? ಟೈಟನ್‌ನವರು ಬೇರೊಂದು ಕೈ ಹುಡುಕಿದರು, ಕೊಡುವವರ ಕೈ. ಮೋಟ್ಸಾರ್ಟ್‌ನ 25ನೇ ಸಿಂಫನಿಯ ತುಣುಕು ಕೇಳಿಸಿತೆಂದರೆ ಯಾರೋ ಯಾರಿಗೋ ಉಡುಗೊರೆ ಕೊಡುತ್ತಿದ್ದಾರೆ ಎಂದು ಅರ್ಥ. ಒಂದು ಮನೆಗೆ ಒಂದು ಗಡಿಯಾರ ಸಾಕಾಗಿದ್ದ ಕಾಲ ಹೋಗಿ, ಒಬ್ಬರಿಗೇ ಮೂರು ಗಡಿಯಾರ ಬೇಕಾಯಿತು. ಸಮಯ ನೋಡಲು ಒಂದೇ ಸಾಕು, ಪ್ರೀತಿ ತೋರಿಸಲು ಹುಟ್ಟುಹಬ್ಬಕ್ಕೊಂದು, ಮದುವೆಗೊಂದು. ಎಚ್‌ಎಂಟಿಯ ಗಡಿಯಾರ ವಿಭಾಗ 2016ರಲ್ಲಿ ಬಾಗಿಲು ಹಾಕಿದ್ದಕ್ಕೆ ಕಾರಣ ಹತ್ತಾರು. ಬೆರಳಿನ ಈ ಕಥೆಯೂ ಅವುಗಳ ಪೈಕಿ ಒಂದೆಂದು ನಾನು ನಂಬಿದ್ದೇನೆ.

ಇಷ್ಟರವರೆಗೆ ಹೇಳಿದ್ದೆಲ್ಲ ಜಾಹೀರಾತು ಮನೆಯ ವಸ್ತುವನ್ನು ಮರ್ಯಾದೆಯಿಂದ ಕಡ ತಂದ ಕಥೆ, ಇಲ್ಲವೇ ಎಡವಟ್ಟಾಗಿ ತಂದ ಕಥೆ. ಬಹಳ ಚೆನ್ನಾಗಿ ತಂದೂ ಮನಸ್ಸಿಗೆ ಕಸಿವಿಸಿ ಮಾಡುವ ಒಂದು ಉದಾಹರಣೆ ಇದೆ. 2003ರ ಬೇಸಿಗೆಯಲ್ಲಿ ಕೋಕಾ-ಕೋಲಾದವರು ಐದು ರೂಪಾಯಿಯ ಪುಟ್ಟ ಬಾಟಲಿಯನ್ನು ಹಳ್ಳಿಗಳಿಗೆ ಒಯ್ಯಲು ಹೊರಟಿದ್ದರು. 'ಠಂಡಾ ಮತ್ಲಬ್ ಕೋಕಾ-ಕೋಲಾ' ಎಂಬ ಸಾಲು ಪ್ರಸೂನ್ ಜೋಶಿಯವರದು. ಆ ಸರಣಿಯ ಒಂದು ಚಿತ್ರದಲ್ಲಿ ಆಮಿರ್ ಖಾನ್ ಪಂಜಾಬಿನ ರೈತ. ಬಿಸಿಲಲ್ಲಿ ಕಾರಿನಿಂದ ಇಳಿದ ಪೇಟೆ ಹುಡುಗಿಯರಿಗೆ ಬಾಯಾರಿಕೆ. ರೈತ ಬಾವಿಯ ಹಗ್ಗ ಜಗ್ಗುತ್ತಾನೆ. ಮೇಲೆ ಬಂದ ಬಕೆಟ್ಟಿನಲ್ಲಿ ನೀರು ತೊಟ್ಟಿಕ್ಕುವ ಕೋಕ್ ಬಾಟಲಿಗಳು.

ಕಸುಬುದಾರಿಕೆಗೆ ನೂರಕ್ಕೆ ನೂರು ಕೊಡಬೇಕಾದ ದೃಶ್ಯ. ಫ್ರಿಜ್ ಇಲ್ಲದ ಊರಲ್ಲಿ ಬಾವಿಯೇ ಫ್ರಿಜ್. ಕಲ್ಲಂಗಡಿ, ಮಾವಿನಹಣ್ಣನ್ನು ಬುಟ್ಟಿಯಲ್ಲಿಟ್ಟು ಬಾವಿಗೆ ಇಳಿಬಿಟ್ಟು, ಉಣ್ಣುವ ಹೊತ್ತಿಗೆ ಮೇಲೆ ಎಳೆದವರು ನಮ್ಮಲ್ಲೂ ಇದ್ದಾರೆ. ಹಗ್ಗ ಜಗ್ಗುವಾಗ ಮೈ ಹಿಂದಕ್ಕೆ ವಾಲುವ ರೀತಿ, ಒಂದು ಕೈ ಬಿಟ್ಟು ಇನ್ನೊಂದು ಹಿಡಿಯುವ ಲಯ, ಎಲ್ಲ ಅಲ್ಲಿದೆ. ಬಾಯಾರಿ ಬಂದವರಿಗೆ ಕೇಳದೆ ಕೊಡುವುದು ಬಾವಿಯ ಧರ್ಮ. ಆ ಧರ್ಮದ ಪುಣ್ಯವೆಲ್ಲ ಒಂದೇ ಎಳೆತಕ್ಕೆ ಬಾಟಲಿಯ ಪಾಲಾಯಿತು. ನಾನು ಇದಕ್ಕೆ ಲೋಟದ ಜಾಹೀರಾತಿನಂತೆ 'ಕೈ ತರಲಿಲ್ಲ' ಎಂದು ದೂರುವ ಹಾಗಿಲ್ಲ. ಕೈಯೂ ಬಂದಿತ್ತು, ಹಗ್ಗವೂ ಬಂದಿತ್ತು, ರಾಟೆಯ ಸದ್ದೂ ಬಂದಿತ್ತು.

ಬಾರದೆ ಉಳಿದದ್ದು ಬೇರೆ. ಅದೇ ಹೊತ್ತಿನಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ, 2000ದಲ್ಲಿ ಶುರುವಾಗಿದ್ದ ಕೋಕಾ-ಕೋಲಾ ಬಾಟಲಿ ಕಾರ್ಖಾನೆಯ ಗೇಟಿನ ಮುಂದೆ ಜನ ಧರಣಿ ಕೂತಿದ್ದರು. 2002ರ ಏಪ್ರಿಲ್‌ನಲ್ಲಿ ಆರಂಭವಾದ ಧರಣಿ ಅದು. ಮುಂದೆ ನಿಂತವರಲ್ಲಿ ಮಯಿಲಮ್ಮ ಎಂಬ ಆದಿವಾಸಿ ಹೆಂಗಸು ಇದ್ದರು. ಕಾರ್ಖಾನೆ ಬಂದ ಮೇಲೆ ನಮ್ಮ ಬಾವಿಗಳ ನೀರು ಇಳಿದಿದೆ, ಉಳಿದದ್ದು ಬಾಯಿಗಿಡಲು ಆಗುತ್ತಿಲ್ಲ, ಬೇಳೆ ಬೇಯುತ್ತಿಲ್ಲ ಎಂಬುದು ಅವರ ದೂರು. ಕಂಪನಿ ಒಪ್ಪಲಿಲ್ಲ. ಪೆರುಮಾಟ್ಟಿ ಪಂಚಾಯಿತಿ 2003ರಲ್ಲಿ ಪರವಾನಗಿ ನವೀಕರಿಸಲು ನಿರಾಕರಿಸಿತು, ವಿಷಯ ಹೈಕೋರ್ಟಿಗೆ ಹೋಯಿತು, 2004ರ ಮಾರ್ಚ್‌ನಲ್ಲಿ ಕಾರ್ಖಾನೆಯ ಕೆಲಸ ನಿಂತಿತು.

ಜಾಹೀರಾತು ಬರೆದವರಿಗೆ ಪ್ಲಾಚಿಮಡ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಅವರು ಬಾವಿಯನ್ನು ಆರಿಸಿಕೊಂಡದ್ದು ಅದು ತಂಪಿನ ಗುರುತು ಎಂದು. ಆದರೆ ಟೀವಿಯಲ್ಲಿ ಬಾವಿಯಿಂದ ಬಾಟಲಿ ಮೇಲೆ ಬರುತ್ತಿದ್ದ ವರ್ಷವೇ ಒಂದೂರಿನ ಹೆಂಗಸರು ಬಾಟಲಿಯ ದೆಸೆಯಿಂದ ಬಾವಿ ಬತ್ತಿತೆಂದು ಬಿಸಿಲಲ್ಲಿ ಕೂತಿದ್ದರು. ಆ ಜಾಹೀರಾತನ್ನು ಈಗ ನೋಡಿದರೂ ನನ್ನ ಕಣ್ಣು ಬಕೆಟ್ಟಿನ ಕಡೆ ಹೋಗುವುದಿಲ್ಲ, ಬಾವಿಯ ತಳದ ಕಡೆ ಹೋಗುತ್ತದೆ.

ಮಾಂಟ್‌ಬ್ಲಾಂಕ್ ಪೆನ್ನಿನ ಪ್ರಸಂಗ ಇಷ್ಟು ಆಳದ್ದಲ್ಲ, ಬರೀ ಅವಿವೇಕದ್ದು. 2009ರಲ್ಲಿ ಗಾಂಧಿ ಹೆಸರಿನಲ್ಲಿ ಚಿನ್ನದ ಪೆನ್ನು ಮಾಡಿ ಒಂದಕ್ಕೆ ₹11 ಲಕ್ಷಕ್ಕೂ ಮೇಲೆ ಬೆಲೆ ಇಟ್ಟರು. ದಂಡಿಯಾತ್ರೆಯ 241 ಮೈಲಿಗೆ ಸರಿಯಾಗಿ 241 ಪೆನ್ನು. ಕದಿರಿಗೆ ನೂಲು ಸುತ್ತಿದ ಹಾಗೆ ಪೆನ್ನಿಗೆ ಚಿನ್ನದ ದಾರ ಸುತ್ತಿದ್ದರು. ಕೇರಳದಲ್ಲಿ ಮೊಕದ್ದಮೆ ಹೂಡಿದ ಮೇಲೆ 2010ರಲ್ಲಿ ಮಾರಾಟ ನಿಲ್ಲಿಸಿದರು. ಗಾಂಧೀಜಿ ನೂಲು ತೆಗೆದದ್ದು ಅದು ಯಾರ ಕೈಗೂ ಎಟಕುವ ಕೆಲಸ ಎಂಬ ಕಾರಣಕ್ಕೆ. 241 ಜನರ ಕೈಗಷ್ಟೇ ಎಟಕುವ ನೂಲನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ವಸ್ತುವಿನ ಅರ್ಥವನ್ನು ತಲೆಕೆಳಗು ಮಾಡಿ ಗೆದ್ದವರೂ ಇದ್ದಾರೆ. ಸರ್ಫ್ ಎಕ್ಸೆಲ್‌ನ 2005ರ ಜಾಹೀರಾತಿನಲ್ಲಿ ಶಾಲೆಯಿಂದ ಬರುವ ಪುಟ್ಟ ಹುಡುಗಿ ಕೊಚ್ಚೆಗೆ ಬಿದ್ದು ಅಳುತ್ತಾಳೆ. ಅವಳ ಅಣ್ಣ ಬಿಳಿ ಯೂನಿಫಾರ್ಮಿನಲ್ಲೇ ಕೊಚ್ಚೆಗೆ ಇಳಿದು ಅದನ್ನು ಗುದ್ದುತ್ತಾನೆ, 'ಸಾರಿ' ಕೇಳು ಎನ್ನುತ್ತಾನೆ. ಶನಿವಾರದ ಬಿಳಿ ಯೂನಿಫಾರ್ಮ್ ತೊಟ್ಟು ಓದಿದವರಿಗೆ ಆ ಬಿಳುಪಿನ ಬೆಲೆ ಗೊತ್ತು. ಶುಕ್ರವಾರ ರಾತ್ರಿ ಕ್ಯಾನ್ವಾಸ್ ಶೂಗೆ ಸುಣ್ಣದಂಥ ಬಿಳಿ ಬಳಿದು ಒಲೆಯ ಹತ್ತಿರ ಒಣಗಿಸಿ, ಬೆಳಿಗ್ಗೆ ಪ್ರೇಯರ್‌ನಲ್ಲಿ ಪಿ.ಟಿ. ಮೇಷ್ಟರ ಕಣ್ಣು ತಪ್ಪಿಸಲು ಒದ್ದಾಡಿದ್ದನ್ನು ನೆನೆಸಿಕೊಳ್ಳಿ. ಅಷ್ಟು ಹೆದರಿಕೆ ತುಂಬಿದ ಬಟ್ಟೆಯನ್ನು ತಂಗಿಗಾಗಿ ಕೊಚ್ಚೆಗೆ ಒಡ್ಡಿದ್ದೇ ಅಲ್ಲಿನ ಕಥೆ. ಕೊಚ್ಚೆ ಬಟ್ಟೆಯ ಮೇಲೆ ಉಳಿಸುವ 'ಕಲೆ' ಎಂಬ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇರುವುದು ನಮಗೆ ಮಾತ್ರ ಸಿಕ್ಕ ಲಾಭ.

ನನ್ನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಜಾಹೀರಾತು ಚಿತ್ರಗಳಿಗೆ ಸಾಮಾನು ಹೊಂದಿಸುವ ಕೆಲಸ ಮಾಡುತ್ತಾನೆ. ಲೋಟದ ಕಥೆ ಹೇಳಿದಾಗ ಅವನು ನಕ್ಕು ತನ್ನ ಅನುಭವ ಹೇಳಿದ. ಯಾವುದೋ ಅಡುಗೆ ಎಣ್ಣೆಯ ಚಿತ್ರಕ್ಕೆ 'ಬಳಸಿದಂತೆ ಕಾಣುವ' ಲೋಟ, ತಟ್ಟೆ ಬೇಕಿತ್ತಂತೆ. ಅಂಗಡಿಯಿಂದ ತಂದ ಹೊಸ ಪಾತ್ರೆಯನ್ನು ತೆಂಗಿನ ನಾರು, ಹುಣಸೆಹಣ್ಣು, ಮರಳಿನಿಂದ ಉಜ್ಜಿ ನೋಡಿದರು. ಗೀರು ಬಿತ್ತು, ಹಳತಾಗಲಿಲ್ಲ. ಮೂವತ್ತು ವರ್ಷ ದಿನಾ ಉಜ್ಜಿದ ಸ್ಟೀಲಿಗೆ ಒಂದು ಮಂಕು ಹೊಳಪು ಬರುತ್ತದೆ, ಬೆಳ್ಳಿಗೂ ಸೀಸಕ್ಕೂ ನಡುವಿನ ಬಣ್ಣ, ಅದನ್ನು ಒಂದು ಮಧ್ಯಾಹ್ನದಲ್ಲಿ ತರಲಾಗುವುದಿಲ್ಲ. ಕೊನೆಗೆ ತನ್ನ ಸೋದರತ್ತೆಯ ಮನೆಗೆ ಹೋಗಿ ಆರು ಲೋಟ, ನಾಲ್ಕು ತಟ್ಟೆ ಇಸಕೊಂಡು ಬಂದ.

ಸೆಟ್ಟಿನಲ್ಲಿ ಇನ್ನೊಂದು ತೊಡಕು. ಎಲ್ಲ ಪಾತ್ರೆಗಳ ಮೇಲೂ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ. ಪಾತ್ರೆ ಅಂಗಡಿಯವನು ಟರ್‌ರ್ ಎನ್ನುವ ಯಂತ್ರ ಹಿಡಿದು ಕೊರೆದುಕೊಡುತ್ತಿದ್ದನಲ್ಲ, ಅದು. ಒಂದರ ಮೇಲೆ ಅತ್ತೆಯ ಹೆಸರು, ಮದುವೆಯ ತಾರೀಕು. ಇನ್ನೊಂದರ ಮೇಲೆ ಯಾರದೋ ಗೃಹಪ್ರವೇಶ. ಮತ್ತೊಂದು ನಾಮಕರಣದ್ದು, ಆ ಮಗು ಈಗ ಹೊರದೇಶದಲ್ಲಿದೆ. ಚಿತ್ರದಲ್ಲಿ ಬೇರೆ ಹೆಸರು ಕಾಣಬಾರದು, ಕಂಪನಿಯ ಹೆಸರೊಂದೇ ಕಾಣಬೇಕು ಎಂದು ನಿರ್ದೇಶಕರು ಹೇಳಿದ್ದರಿಂದ ಒಂದೊಂದು ಲೋಟವನ್ನೂ ಅಕ್ಷರ ಹಿಂದೆ ಹೋಗುವ ಹಾಗೆ ತಿರುಗಿಸಿ ಇಟ್ಟರಂತೆ. ನಟಿ ಲೋಟ ಎತ್ತಿದಾಗಲೆಲ್ಲ ಅದು ಸ್ವಲ್ಪ ತಿರುಗಿ ಹೆಸರು ಇಣುಕುತ್ತಿತ್ತು, ಮತ್ತೆ ಟೇಕ್. ಹನ್ನೊಂದು ಟೇಕ್ ಆಯಿತು ಎಂದು ಅವನ ಲೆಕ್ಕ.

ಚಿತ್ರ ಟೀವಿಯಲ್ಲಿ ಬಂದ ದಿನ ಅತ್ತೆಗೆ ಫೋನ್ ಮಾಡಿ ನೋಡಲು ಹೇಳಿದ. ನೋಡಿದರು. ಚೆನ್ನಾಗಿದೆಯಾ ಎಂದು ಕೇಳಿದ್ದಕ್ಕೆ, "ಅದಿರಲಿ, ಆರು ಲೋಟ ಕೊಟ್ಟಿದ್ದೆ, ಐದೇ ಬಂದಿದೆ. ನಾಮಕರಣದ್ದು ಎಲ್ಲೋ?" ಅಂದರಂತೆ.